ಕೇಳದೆ ಇಳಿಸಿದ ಗೇಟು

ಕಿರಿಮಂಜೇಶ್ವರ
೧೦-೨-೨೦೨೫

ತಮ್ಮ ಸುಶಾಂತನಿಗೆ ಅಕ್ಕನ ಆಶೀರ್ವಾದಗಳು.

ನಾವು ಬದುಕಿದ್ದೇವೆ. ಫೋನ್ ಎತ್ತಲು ನಿನಗೆ ಪುರಸೊತ್ತಿಲ್ಲ, ಕಾಗದ ಬರೆಯಲು ನನಗೆ ಮನಸ್ಸಿರಲಿಲ್ಲ. ತಡವಾಯಿತು, ಕ್ಷಮಿಸು.

ಮೊದಲು ನೀನು ಕಟ್ಟಿಸಿದ ಅಣೆಕಟ್ಟಿನ ಸುದ್ದಿ. ಅಮಾವಾಸ್ಯೆಯ ಉಬ್ಬರಕ್ಕೆ ಹೊಳೆಯ ಉಪ್ಪುನೀರು ಗೇಟಿನ ಅಡಿಯಿಂದ ನುಗ್ಗಿ ಗದ್ದೆಗೆ ಬಂತು. ಸುಗ್ಗಿ ಬೆಳೆ ಸುಟ್ಟುಹೋಗಿದೆ. ನಮ್ಮ ಬಾವಿ ನೀರಲ್ಲಿ ಚಾ ಮಾಡಿದರೆ ಬಾಯಿಗಿಡಲಾಗುವುದಿಲ್ಲ.

ಹಿಂದೆ ಉಪ್ಪುನೀರು ತಡೆಯಲು ಹೊಳೆಗೆ ಹಲಗೆ ಹಾಕುವ ಮೊದಲು ಮನೆಗೊಬ್ಬರಂತೆ ಹೊಳೆಗಿಳಿದು ಅಡಿಯ ಕೆಸರು, ಕಲ್ಲು ತೆಗೆಯುತ್ತಿದ್ದರು. ಈಗ ಮೋಟಾರಿನ ಗೇಟು, ಗುಂಡಿ ಒತ್ತಿದರೆ ಸಾಕು ಎಂದು ನಿಮ್ಮ ಇಲಾಖೆಯವರು ಯಾರನ್ನೂ ಕರೆಯಲಿಲ್ಲ. ಗೇಟು ಹೋಗಿ ಕಲ್ಲಿನ ಮೇಲೆ ಕೂತಿತು.

ಬ್ರಹ್ಮಾವರದ ದೊಡ್ಡ ಸೇತುವೆಗೆ ಎಷ್ಟು ಸಭೆ, ಎಷ್ಟು ಪರೀಕ್ಷೆ ಮಾಡಿಸಿದ್ದೆ ನೀನು! "ಅಕ್ಕ, ಆ ಕ್ರಮ ಎಲ್ಲ ಸಣ್ ಕೆಲ್ಸಕ್ಕೆ ಹೊರ್ಸುಕಾತ್ತಿಲ್ಲೆ. ಕೆಲ್ಸಕ್ ತಕ್ಕಂಗೆ ಕಡ್ಮಿ ಮಾಡ್ಕ್" ಎಂದು ಈ ಅಣೆಕಟ್ಟು ಶುರುವಾಗುವ ಮೊದಲು ನಮ್ಮನೆಯಲ್ಲಿ ಊಟಕ್ಕೆ ಕೂತು ಹೇಳಿದ್ದೆ. ಸರಿಯೇ. ಆದರೆ ಕಡಿಮೆ ಮಾಡಲು ಸಿಕ್ಕಿದ್ದು ಊರವರನ್ನು ಕೇಳುವುದು, ಉಬ್ಬರದಲ್ಲಿ ಗೇಟು ಇಳಿಸಿ ನೋಡುವುದು, ಇವೆರಡೇ ಏನು? ಉದ್ಘಾಟನೆಯ ಶಾಮಿಯಾನ ಮಾತ್ರ ಒಂದಿಂಚೂ ಕಡಿಮೆಯಾಗಲಿಲ್ಲ.

ಮೊನ್ನೆ ಪಕ್ಕದ ಮನೆಯ ವನಜ ದಾರಿಯಲ್ಲೇ ನಿಲ್ಲಿಸಿದಳು. "ಹ್ವಾಯ್ ಪ್ರಫುಲ್ಲಕ್ಕ, ನಿಮ್ ತಮ್ಮ ಮೀಟಿಂಗಂಗೆ 'ನನ್ನಕ್ಕ ಆ ಊರಲ್ಲೇ ಇಪ್ಪುದ್, ಅವ್ಳ ಹತ್ರ ಕೇಂಡಿದೆ' ಅಂದ್ರಂಬ್ರಲೆ? ಎಲ್ಲಾ ಗೊತ್ತಿದ್ದೂ ನಿಮ್ಗೆ ಒಂದ್ ಮಾತ್ ಹೇಳುಕಾಗ್ಲಿಲ್ಯಾ?"

ನಾನು ಸೀದಾ ಮನೆಗೆ ಬಂದೆ. ಅಲ್ಲ ಮಾರಾಯ, ಆ ದಿನ ನೀನು ನನ್ನನ್ನು ಕೇಳಿದ್ದು ಇನ್ನೊಂದು ತುಂಡು ಅಂಜಲ್ ಮೀನು ಇದೆಯಾ ಎಂದು ಮಾತ್ರ! ಊರಿಗೆ ಊರೇ ಈಗ ನನ್ನನ್ನು ಕಂಡರೆ ಮುಖ ತಿರುಗಿಸುತ್ತದೆ.

ಮುಂದಿನ ಅಮಾವಾಸ್ಯೆಗೆ ಮೊದಲು ಬಾ. ಎಲ್ಲರೆದುರು ನಿಂತು, ಅಕ್ಕನನ್ನೂ ಕೇಳಲಿಲ್ಲ, ಯಾರನ್ನೂ ಕೇಳಲಿಲ್ಲ ಎಂದು ಹೇಳು. ದೇವರು ನಿನಗೆ ಅಷ್ಟು ಧೈರ್ಯ ಕೊಡಲಿ. ಹೆಂಡತಿ ಮಕ್ಕಳಿಗೆ ಒಳ್ಳೆಯದಾಗಲಿ.

ನಿನ್ನ ಅಕ್ಕ,
ಪ್ರಫುಲ್ಲಾ

ತಾ.ಕ.: ವನಜ ಹೇಳಿದ್ದು ಹೌದಾ ಎಂದು ನಿನ್ನ ಭಾವನೂ ಕೇಳಿದರು. ನನ್ನ ಗಂಡನೆದುರಾದರೂ ನಿನ್ನ ಮರ್ಯಾದೆ ಉಳಿಯಲಿ ಎಂದು "ಹೌದು, ಕೇಂಡಿದ್ದ" ಅಂದುಬಿಟ್ಟೆ. ಅಂದಿನಿಂದ ಅವರು ತಾವೇ ಬಡಿಸಿಕೊಂಡು ಉಣ್ಣುತ್ತಾರೆ.