ಬಲಕ್ಕೆ ಸರಿದು ನಿಂತ ಗಾಯಕಿ

ಮಂಗಳವಾರ, ಬೆಳಿಗ್ಗೆ ಹತ್ತೂವರೆ
ಸ್ಟುಡಿಯೋದ ಒಳಕೋಣೆ

ಪುಟ್ಟಿಯ ಅಪ್ಪನಿಗೆ,

ಏನೆಂದು ಕರೆಯಬೇಕೋ ತೋಚದೆ ಎರಡು ಹಾಳೆ ಹರಿದೆ. ಎಂಟು ತಿಂಗಳ ಹಿಂದಾಗಿದ್ದರೆ ‘ರೀ’ ಎಂದು ಶುರುಮಾಡಿ ನೇರವಾಗಿ ವಿಷಯಕ್ಕೆ ಬರುತ್ತಿದ್ದೆ. ಈಗ ಆ ಒಂದಕ್ಷರ ಬರೆಯುವ ಹಕ್ಕು ಉಳಿದಿದೆಯೋ ಇಲ್ಲವೋ ತಿಳಿಯದು. ಪುಟ್ಟಿಯಂತೂ ಇಬ್ಬರಿಗೂ ಸೇರಿದವಳು. ಅವಳ ಮೂಲಕ ಕರೆದರೆ ನೀವು ಬೇಡ ಅನ್ನಲಾರಿರಿ.

ಅಕ್ಷರ ನೋಡಿ ನಗಬೇಡಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನ್ನ ಒತ್ತಕ್ಷರಗಳು ಇವತ್ತಿಗೂ ಸಾಲು ಬಿಟ್ಟು ಕೆಳಗೆ ಜಾರುತ್ತವೆ. ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದರೆ ಹತ್ತು ನಿಮಿಷದ ಕೆಲಸ, ಆದರೆ ಆ ಭಾಷೆಯಲ್ಲಿ ನಾನು ಬಹಳ ಸಲೀಸಾಗಿ ತಪ್ಪಿಸಿಕೊಳ್ಳುತ್ತೇನೆ. ಫೋನಿನಲ್ಲಿ ಹೇಳೋಣವೆಂದರೆ, ಕೆಲಸದ ಮಾತು ಬಂದ ಕೂಡಲೇ ನೀವು ಇಟ್ಟುಬಿಡುತ್ತೀರಿ. ಕಾಗದವನ್ನಾದರೆ ಸಿಟ್ಟಿನಲ್ಲಿ ಮಡಚಿ ಎಸೆದರೂ ಮತ್ತೆ ಹೆಕ್ಕಿ ಓದಬಹುದು.

ಇದರ ಜೊತೆ ಬಂದಿರುವ ಡಬ್ಬದಲ್ಲಿರುವುದು ನಿಮ್ಮದೇ ಹೆಡ್‌ಫೋನು. ಎಡಗಡೆ ಸತ್ತಿದೆ ಎಂದು ನೀವು ಎರಡನೇ ಸಲ ಅಂಗಡಿಗೆ ವಾಪಸು ಕೊಟ್ಟದ್ದು. ಅಂಗಡಿಯವರ ಹತ್ತಿರ ನಿಮ್ಮದೆಂದು ಇನ್ನೂ ನಮ್ಮ ಸ್ಟುಡಿಯೋದ ನಂಬರೇ ಇದೆ. ಹೋದ ಶುಕ್ರವಾರ ಅದಕ್ಕೆ ಫೋನ್ ಮಾಡಿ, ಪಾಪ, ಬಹಳ ಸಂಕೋಚಪಟ್ಟುಕೊಂಡರು. “ಮೇಡಂ, ಮೊದಲನೇದು ಬದಲಾಯಿಸಿ ಕೊಟ್ಟೆ. ಇದಕ್ಕೂ ಅದೇ ದೂರು. ಮಿಷಿನ್‌ಗೆ ಹಾಕಿ ನೋಡ್ದೆ, ಎರಡೂ ಕಡೆ ಒಂದೇ ಥರ ಇದೆ. ಅಷ್ಟು ದೊಡ್ಡವರಿಗೆ ಹೇಗೆ ಹೇಳ್ಲಿ ನಾನು?” ಎಂದರು. ಎರಡು ದಿನ ನನ್ನ ಹತ್ತಿರ ಇರಲಿ, ನೋಡುತ್ತೇನೆ ಎಂದು ತರಿಸಿಕೊಂಡೆ. ನಾಳೆ ಬೆಳಿಗ್ಗೆ ಅವರೇ ನಿಮಗೆ ತಲುಪಿಸುತ್ತಾರೆ. ಕಾಗದದಲ್ಲಿ ಏನಿದೆಯೆಂದು ಅವರಿಗೆ ಗೊತ್ತಿಲ್ಲ.

ಒಂದು ತಪ್ಪೊಪ್ಪಿಗೆಯಿಂದ ಶುರುಮಾಡುತ್ತೇನೆ, ಸಣ್ಣದರಿಂದ. ಎಲ್ಲರೂ ಅಡ್ಡಹೆಸರಿಟ್ಟುಕೊಂಡು ಬರೆಯುವ ನಿಮ್ಮ ಹೆಡ್‌ಫೋನ್ ಹುಚ್ಚರ ಆನ್‌ಲೈನ್ ಗುಂಪಿನಲ್ಲಿ ‘ಕಿಟಕಿ’ ಎಂಬ ಹೆಸರಿನಲ್ಲಿ ತುಟಿ ಬಿಚ್ಚದೆ ಕೂತಿರುವವಳು ನಾನೇ. ನೀವು ಮನೆ ಬಿಟ್ಟ ವಾರವೇ ಸೇರಿದೆ. ‘ಹಳೇ ಟೇಪು’ ಎಂದರೆ ನೀವು ಎಂದು ಕಂಡುಹಿಡಿಯಲು ಎರಡು ಸಾಲು ಸಾಕಾಯಿತು. ನೀವು ಏನು ಕೇಳುತ್ತಿದ್ದೀರಿ ಎಂದು ಓದಿದರೆ ಹೇಗಿದ್ದೀರಿ ಎಂದು ತಿಳಿದ ಹಾಗಾಗುತ್ತಿತ್ತು.

ಈ ಹೆಡ್‌ಫೋನಿನ ಬಗ್ಗೆ ಅಲ್ಲಿ ನಡೆದ ಜಗಳವನ್ನು ಒಂದಕ್ಷರ ಬಿಡದೆ ಓದಿದ್ದೇನೆ. ಬೇಸ್ ಮಾವ ಇದರಲ್ಲಿ ಡೋಲು ಕೇಳಿದರೆ ಟ್ರಂಕಿನೊಳಗೆ ಕೂತ ಹಾಗಾಗುತ್ತದೆ ಎಂದರು. ಇನ್ನೊಬ್ಬರಿಗೆ ಅದೇ ಡೋಲು ಎದೆಗೆ ಬಂದು ತಾಕಿತಂತೆ. ಮೇಲಿನ ಸ್ವರಗಳು ಸೂಜಿ ಚುಚ್ಚಿದಂತಿವೆ ಎಂದು ಒಬ್ಬರು, ಬೆಣ್ಣೆ ಎಂದು ಮತ್ತೊಬ್ಬರು. ಗ್ರಾಫ್ ಮೇಷ್ಟ್ರು ಎಂದಿನಂತೆ ಅಳತೆಯ ಗೆರೆ ಎಳೆದು ತಂದು, ನಿಮ್ಮ ಕಿವಿಗಳನ್ನೆಲ್ಲ ಬದಿಗಿಡಿ ಎಂದರು. ಇಷ್ಟು ಬೆಲೆ ಕೊಟ್ಟವರು ಚೆನ್ನಾಗಿಲ್ಲ ಅನ್ನಲು ಧೈರ್ಯವಿಲ್ಲದೆ ಹೊಗಳುತ್ತಿದ್ದಾರೆ ಎಂದು ಕೊಳ್ಳದವರು ಹಂಗಿಸಿದರು. ನನಗೆ ನಗು ಬರುತ್ತಿತ್ತು. ಹದಿನೆಂಟು ವರ್ಷ ನಾವಿಬ್ಬರೂ ಇದೇ ಕೋಣೆಯಲ್ಲಿ ಇಂಥದ್ದೇ ಜಗಳ ಆಡಿದವರಲ್ಲವೇ. ಅಭಿರುಚಿಯ ಜಗಳಕ್ಕೆ ತೀರ್ಪಿಲ್ಲ ಎಂದು ನೀವೇ ಹೇಳುತ್ತಿದ್ದಿರಿ.

ನೀವು ಬರೆದದ್ದನ್ನು ಓದಿ ನಗು ನಿಂತಿತು. “ಎಡಗಡೆ ಕಂಬಳಿ ಹೊದಿಸಿದಂತಿದೆ. ಗಾಯಕಿ ನಡುವೆ ನಿಲ್ಲುತ್ತಿಲ್ಲ, ಬಲಕ್ಕೆ ಸರಿದು ನಿಂತಿದ್ದಾಳೆ” ಎಂದು ಬರೆದಿದ್ದಿರಿ. ಎಲ್ಲರೂ ತಮಾಷೆ ಮಾಡಿದರು. ‘ಹಳೇ ಟೇಪು ಸಾರ್, ನೀವೇ ಒಂಚೂರು ಬಲಕ್ಕೆ ಕುರ್ಚಿ ಎಳ್ಕೊಳ್ಳಿ’ ಎಂದು ಬೇಸ್ ಮಾವ. ಅಷ್ಟು ಜನ ಅಷ್ಟು ಥರ ಕಿತ್ತಾಡಿದರೂ, ಎರಡೂ ಕಡೆ ಸಮವಾಗಿ ಕೇಳಿ ತಲೆಯ ನಡುವೆ ನಿಲ್ಲಬೇಕಾದ ಗಾಯಕಿ ಅಲ್ಲಿಲ್ಲ ಎಂದವರು ನೀವೊಬ್ಬರೇ. ಅದು ಅಭಿರುಚಿಯ ಮಾತಲ್ಲ.

ಆಮೇಲೆ ಸಮಾಧಾನ ಹುಡುಕಿದೆ. ನಿಮ್ಮ ಕನ್ನಡಕದ ಕಡ್ಡಿಯಿಂದ ಎಡಗಡೆಯ ಕುಷನ್ ಸರಿಯಾಗಿ ಕೂರುತ್ತಿಲ್ಲ ಅಂದುಕೊಂಡೆ. ಆದರೆ ಸಂದು ಬಿಟ್ಟರೆ ಹೋಗುವುದು ಬೇಸು, ಕೆಳಗಿನ ಸ್ವರಗಳು; ಕಂಬಳಿ ಹೊದಿಸಿದಂತೆ ಎಂದರೆ ಮೇಲಿನ ಸ್ವರಗಳ ಮಾತು. ಮರುವಾರ ನೀವು ಇನ್ನೊಂದು ಬರೆದಿರಿ. ಹಾಡು ನಿಲ್ಲಿಸಿದರೂ, ವೈರು ಕಿತ್ತರೂ ಹಳೆಯ ಟ್ಯೂಬ್‌ಲೈಟಿನಂತೆ ಗುಂಯ್ ಎನ್ನುತ್ತದೆ, ಇದೆಂಥ ತಯಾರಿಕೆ ಎಂದು. ಮುಚ್ಚಿದ ಹೆಡ್‌ಫೋನು ಶಂಖದ ಹಾಗೆ, ನಮ್ಮದೇ ರಕ್ತದ ಸದ್ದು ಕೇಳುತ್ತದೆ ಎಂದು ಗ್ರಾಫ್ ಮೇಷ್ಟ್ರು ಬುದ್ಧಿ ಹೇಳಿದರು. ಅದನ್ನೂ ನಂಬಲು ನೋಡಿದೆ. ಭಾನುವಾರ ನಿಮ್ಮಲ್ಲಿಗೆ ಬಂದಿದ್ದ ಪುಟ್ಟಿ, “ಅಪ್ಪ ಮೆಟ್ಲಿಳೀತಾ ಕಂಬಿ ತಬ್ಕೊಂಡು ನಿಂತ್ಬಿಟ್ರು ಅಮ್ಮಾ, ಭೂಮಿ ತಿರುಗ್ತಾ ಇರೋದು ಗೊತ್ತಾಯ್ತು ಅಂತ ಜೋಕ್ ಬೇರೆ” ಎಂದು ನಗುತ್ತ ಹೇಳಿದಳು. ನನ್ನ ಸಮಾಧಾನಗಳೆಲ್ಲ ಅಲ್ಲಿಗೆ ಮುಗಿದವು.

ಈಗ ದೊಡ್ಡ ತಪ್ಪೊಪ್ಪಿಗೆ. ಎರಡು ದಿನದಿಂದ ಪೆನ್ನು ಹಿಡಿದು ಕೂತಿರುವುದು ಇದಕ್ಕೇ.

ನೀವು ಶಬ್ದಗಳನ್ನು ಬೆರೆಸಿ ಮುಗಿಸಿದ ಮಿಕ್ಸಿಂಗನ್ನು ನಾನು ತಿದ್ದುತ್ತಿದ್ದದ್ದು ಗಿರಾಕಿ ಕೇಳಿದ್ದಕ್ಕಲ್ಲ. ಅವತ್ತು ಹಾಗೆಂದದ್ದು ಸುಳ್ಳು. ಮೂರು ವರ್ಷದ ಹಿಂದೆ, ಆ ಅಜ್ಜ ಓದಿದ ಕಥೆಪುಸ್ತಕದ ರೆಕಾರ್ಡಿಂಗ್ ನೆನಪಿದೆಯೇ? ಕಳಿಸುವ ಮೊದಲು ಕೊನೆಯ ಸಲ ಕೇಳುವುದು ನನ್ನ ಪಾಲಿನ ಕೆಲಸ. ಎಡಗಡೆ ಸ್ವಲ್ಪ ಜಾಸ್ತಿಯಾಗಿತ್ತು, ಚುಚ್ಚುತ್ತಿತ್ತು. ನಿಮಗೆ ದಣಿವಾಗಿರಬೇಕು ಎಂದುಕೊಂಡು ಕೂದಲೆಳೆಯಷ್ಟು ಇಳಿಸಿ ಕಳಿಸಿದೆ. ಮುಂದಿನದರಲ್ಲಿ ಇನ್ನೂ ಸ್ವಲ್ಪ. ಇವರ ರುಚಿ ಬದಲಾಗುತ್ತಿದೆ ಎಂದುಕೊಂಡೆ. ಕೊನೆಗೊಂದು ದಿನ, ಬೆರಳು ಎಷ್ಟು ಇಳಿಸಬೇಕೆಂದು ಕೇಳುವ ಮೊದಲೇ ತಿಳಿದಿದೆ ಎಂದು ಗೊತ್ತಾಯಿತು. ಪ್ರತಿ ಸಲವೂ ಎಡಗಡೆಯೇ. ಅಭಿರುಚಿ ಯಾವಾಗಲೂ ಒಂದೇ ಕಡೆ ಕೆಡುತ್ತದೆಯೇ? ಈ ಪ್ರಶ್ನೆ ಅವತ್ತೇ ಬಂದಿತ್ತು. ಉತ್ತರಕ್ಕೆ ಹೆದರಿ ಪ್ರಶ್ನೆಯನ್ನೇ ಮುಚ್ಚಿಟ್ಟೆ.

ಊಟದ ಮೇಜಿನಲ್ಲಿ ನಾನು ಜಾಗ ಬದಲಿಸಿ ನಿಮ್ಮ ಬಲಕ್ಕೆ ಬಂದು ಕೂತದ್ದು ಫ್ಯಾನಿನ ಗಾಳಿಗಲ್ಲ. ಎಡಗಡೆಯಿಂದ ಕೇಳಿದ್ದಕ್ಕೆ ನೀವು ಒಮ್ಮೊಮ್ಮೆ ಉತ್ತರ ಕೊಡುತ್ತಿರಲಿಲ್ಲ. ನನಗೆ ತಾತ್ಸಾರ ಎನಿಸುತ್ತಿತ್ತು. ಬಲಕ್ಕೆ ಬಂದ ಮೇಲೆ ತಾತ್ಸಾರ ಕಡಿಮೆಯಾಯಿತು. ಎಷ್ಟು ವಿಚಿತ್ರ ನೋಡಿ, ಅದನ್ನೂ ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಯಾಕೆ ಹೇಳಲಿಲ್ಲ? ಶಬ್ದದಲ್ಲೇ ಬದುಕಿದವರಿಗೆ ನಿಮ್ಮ ಕಿವಿ ಸರಿಯಿಲ್ಲ ಎಂದು ಹೆಂಡತಿಯಾದವಳು ಹೇಗೆ ಹೇಳುವುದು ಎಂದು ನನಗೇ ಸಮಜಾಯಿಷಿ ಕೊಟ್ಟುಕೊಳ್ಳುತ್ತಿದ್ದೆ. ಅದು ನಿಜ, ಆದರೆ ಪೂರ್ತಿ ನಿಜವಲ್ಲ. ನಿಮ್ಮ ಹತ್ತಿರ ಕೆಲಸ ಕಲಿಯಲು ಬಂದವಳು ನಾನು. ನಿಮ್ಮ ಕೆಲಸವನ್ನೇ ತಿದ್ದುವಾಗ ಒಳಗೊಳಗೆ ಸ್ವಲ್ಪ ಹಿತವಾಗುತ್ತಿತ್ತು. ಬರೆದದ್ದಾಯಿತು. ಅಳಿಸುವುದಿಲ್ಲ.

ನಾನು ಕಳಿಸಿದ್ದನ್ನೂ ನೀವು ಮಾಡಿದ್ದನ್ನೂ ಪಕ್ಕಪಕ್ಕ ಇಟ್ಟು ಕೇಳಿದ ದಿನ ನೀವು ಕೂಗಾಡಲಿಲ್ಲ. “ಹದಿನೆಂಟು ವರ್ಷ ಒಂದೇ ಕೋಣೇಲಿ ಕೂತಿದ್ದೀವಿ. ಒಂದು ಮಾತು ಹೇಳೋಕಾಗ್ಲಿಲ್ವಾ ನಿನಗೆ?” ಎಂದಿರಿ. ನಾನು ಗಿರಾಕಿಯ ಹೆಸರು ಹೇಳಿದೆ. ಆಗ ನಿಜ ಹೇಳಿದ್ದರೆ ನೀವು ಇವತ್ತು ಬೇರೆ ಮನೆಯಲ್ಲಿ ಇರುತ್ತಿರಲಿಲ್ಲವೋ ಏನೋ. ಅದಕ್ಕಿಂತ ಹೆಚ್ಚಾಗಿ, ಮೊದಲ ಸಲವೇ ಹೇಳಿದ್ದರೆ ಮೂರು ವರ್ಷದ ಹಿಂದೆಯೇ ಯಾರಾದರೂ ಡಾಕ್ಟರು ನಿಮ್ಮನ್ನು ನೋಡಿರುತ್ತಿದ್ದರು. ಗಿರಾಕಿಗಳು ದೂರಲಿಲ್ಲ, ನಿಮಗೆ ಅನುಮಾನ ಬರಲಿಲ್ಲ, ಎಲ್ಲ ನಾನು ಅಷ್ಟು ಅಚ್ಚುಕಟ್ಟಾಗಿ ತಿದ್ದಿದ್ದರಿಂದ.

ನಿನ್ನೆ ಮಧ್ಯಾಹ್ನ ಕಿವಿ ಡಾಕ್ಟರ ಹತ್ತಿರ ಹೋಗಿದ್ದೆ. ಪರಿಚಿತರೊಬ್ಬರಿಗೆ ಎಂದು ಹೇಳಿದೆ. ಅವರು ಬರೆದುಕೊಳ್ಳುತ್ತಿದ್ದವರು, ತಲೆಸುತ್ತಿನ ಮಾತು ಬಂದಾಗ ಬರೆಯುವುದನ್ನು ನಿಲ್ಲಿಸಿದರು. ವಯಸ್ಸಿಗೆ ಮಂದವಾಗುವುದಾದರೆ ಎರಡೂ ಕಿವಿ ಜೊತೆಗೇ ಮಂದವಾಗುತ್ತವಂತೆ. ಒಂದೇ ಕಡೆ, ಜೊತೆಗೆ ಗುಂಯ್ ಸದ್ದು, ಜೊತೆಗೆ ತಲೆಸುತ್ತು ಎಂದರೆ ಸ್ಕ್ಯಾನ್ ಮಾಡಿ ನೋಡಲೇಬೇಕಂತೆ. ಬಹಳ ಸಲ ಏನೂ ಇರುವುದಿಲ್ಲವಂತೆ. ಕೆಲವರಿಗೆ ಕಿವಿಯಿಂದ ಮಿದುಳಿಗೆ ಹೋಗುವ ನರದ ಮೇಲೆ ಸಣ್ಣ ಗಡ್ಡೆ ಕೂತಿರುತ್ತದಂತೆ. ನಿಧಾನಕ್ಕೆ ಬೆಳೆಯುತ್ತದೆ, ಬೇಗ ಸಿಕ್ಕರೆ ಒಳ್ಳೆಯದು ಎಂದರು. “ಎಷ್ಟು ದಿನದಿಂದ ಇದೆಯಂತೆ ಅವರಿಗೆ?” ಎಂದು ಕೇಳಿದರು. ಮೂರು ವರ್ಷ ಎನ್ನಲಿಲ್ಲ. ಸ್ವಲ್ಪ ದಿನದಿಂದ ಎಂದೆ. ಅಲ್ಲಿಯೂ ಸುಳ್ಳು.

ಮನೆಗೆ ಬಂದು ಈ ಹೆಡ್‌ಫೋನು ಹಾಕಿಕೊಂಡು ಕೂತೆ. ಹಾಡು ಹಚ್ಚಲಿಲ್ಲ. ಹೊರಗಿನ ರಸ್ತೆ, ಪುಟ್ಟಿಯ ಫೋನು, ನಲ್ಲಿಯ ನೀರು ಎಲ್ಲ ನಿಂತುಹೋಯಿತು. ನನ್ನ ಎದೆ ಹೊಡೆದುಕೊಳ್ಳುವುದು ಮಾತ್ರ ಎರಡೂ ಕಡೆ ಸಮವಾಗಿ ಕೇಳಿಸುತ್ತಿತ್ತು. ಆಮೇಲೆ ನೀವು ಗುಂಪಿನಲ್ಲಿ ಬರೆದಿದ್ದ ಆ ಗಾಯಕಿಯ ಹಾಡು ಹಚ್ಚಿದೆ. ನನಗೆ ಅವಳು ನಟ್ಟನಡುವೆ ನಿಂತಿದ್ದಳು. ನನ್ನ ಕಿವಿಯೇನು ದೇವರ ತಕ್ಕಡಿಯಲ್ಲ, ನನಗೂ ನಲವತ್ತೈದು. ಹಾಗಾಗಿ ನನ್ನ ಮಾತನ್ನು ನಂಬಬೇಡಿ. ನೀವೇ ನೋಡಿ.

ವೈರು ಬದಲಿಸಿದಿರಿ, ಆಂಪ್ಲಿಫೈಯರ್ ಬದಲಿಸಿದಿರಿ, ಕುಷನ್ ಬದಲಿಸಿದಿರಿ, ಹೆಡ್‌ಫೋನನ್ನೇ ಬದಲಿಸಿದಿರಿ. ಒಂದನ್ನು ಮಾತ್ರ ಮಾಡಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ನೀವು ನನಗೆ ಕಲಿಸಿದ್ದೇ ಅದು, ಒಂದು ಕಡೆ ಕೆಟ್ಟಿದೆ ಅನಿಸಿದರೆ ಮೊದಲು ಎಡಬಲ ಅದಲುಬದಲು ಮಾಡು ಎಂದು. ನೀವು ಮರೆತದ್ದೇ, ಅಥವಾ ನನ್ನ ಹಾಗೆ ನೀವೂ ಹೆದರಿ ಬಿಟ್ಟದ್ದೇ? ಹೆದರಿದ್ದರೆ ನಾನು ಮಾತಾಡುವ ಹಾಗಿಲ್ಲ.

ಡಬ್ಬ ತೆಗೆಯಿರಿ. ಅದೇ ಹಾಡು ಹಚ್ಚಿ. ಹೆಡ್‌ಫೋನನ್ನು ಎಡಗಡೆಯದು ಬಲಗಿವಿಗೆ ಬರುವಂತೆ ಹಿಂದುಮುಂದು ತಿರುಗಿಸಿ ಹಾಕಿಕೊಳ್ಳಿ. ಕಂಬಳಿ ಬಲಗಿವಿಗೆ ಬಂದರೆ, ಗಾಯಕಿ ಎಡಕ್ಕೆ ಸರಿದರೆ, ದೋಷ ಹೆಡ್‌ಫೋನಿನದು. ಈ ಕಾಗದ ಹರಿದುಹಾಕಿ, ಗುಂಪಿನಲ್ಲಿ ನನ್ನ ಮಾನ ಕಳೆಯಿರಿ, ‘ಕಿಟಕಿ’ ಯಾರೆಂದು ಹೇಳಿ ನಗಿಸಿ. ಅವಳು ಹಾಗೇ ಬಲದಲ್ಲೇ ನಿಂತಿದ್ದರೆ, ಗುರುವಾರ ಹನ್ನೊಂದು ಗಂಟೆಗೆ ಡಾಕ್ಟರ ಹತ್ತಿರ ನಿಮ್ಮ ಹೆಸರು ಬರೆಸಿದ್ದೇನೆ. ವಿಳಾಸ ಡಬ್ಬದ ಮುಚ್ಚಳದ ಒಳಗೆ ಅಂಟಿಸಿದೆ. ಸ್ಕೂಟರಿನಲ್ಲಿ ಹೋಗಬೇಡಿ, ದಯವಿಟ್ಟು. ಪುಟ್ಟಿಗೆ ನಾನಿನ್ನೂ ಏನೂ ಹೇಳಿಲ್ಲ.

ನಾನು ಹತ್ತೂವರೆಗೇ ಅಲ್ಲಿ ಇರುತ್ತೇನೆ. ಮಾತಾಡಲೇಬೇಕೆಂದಿಲ್ಲ. ನಿಮ್ಮ ಬಲಗಡೆಯ ಕುರ್ಚಿಯಲ್ಲಿ ಕೂತಿರುತ್ತೇನೆ.

ಎಲ್ಲದಕ್ಕೂ ಎರಡು ಪಕ್ಕ ನೋಡುತ್ತಾಳೆಂದು ನೀವೇ ಇಟ್ಟ ಹೆಸರಿನವಳು,

ತಕ್ಕಡಿ

ತಾ.ಕ.: ನೀವು ಹೊರಟ ಮಧ್ಯಾಹ್ನ ಎರಡು ಕೈಯಲ್ಲೂ ಚೀಲ ಹಿಡಿದು ಮೆಟ್ಟಿಲ ತಲೆಯಲ್ಲಿ ನಿಂತಿದ್ದಿರಿ. ನಾನು ಬಾಗಿಲ ಚೌಕಟ್ಟು ಹಿಡಿದು ನಿಮ್ಮ ಎಡಗಡೆ ಇದ್ದೆ. ಸುತ್ತಿ ಬಲಕ್ಕೆ ಬರುವಷ್ಟು ಜಾಗ ಇರಲಿಲ್ಲ. ‘ಹೋಗಬೇಡಿ’ ಎಂದೆ, ಮೆಲ್ಲಗೆ. ನೀವು ತಿರುಗಿ ನೋಡದೆ ಇಳಿದಿರಿ. ಹೆಡ್‌ಫೋನಿನಲ್ಲೇ ದೋಷ ಎಂದಾದರೆ, ಅವತ್ತು ನಿಮಗೆ ಕೇಳಿಸಿತ್ತು, ಕೇಳಿಯೂ ಹೋದಿರಿ ಎಂದಾಯಿತು. ಎರಡು ದಿನ ತೂಗಿ ನೋಡಿದೆ. ಕೇಳಿಸಿತ್ತು ಎಂದೇ ಆಗಲಿ.