ತಿಂಗಳಿಗೆ ನಾಲ್ಕು ಸೆಲ್

ಮಂಗಳವಾರ, ಮಾರ್ಚ್ ೧೪
ಬೆಳಗ್ಗೆ ಹತ್ತೂವರೆ

ನನ್ನ ಮಾತಿನ ಮಲ್ಲಿಗೆ,

ನಾನು ಚೆನ್ನಾಗಿದ್ದೇನೆ. ಮೊಣಕಾಲೊಂದು ಬಿಟ್ಟರೆ ಉಳಿದದ್ದೆಲ್ಲ ನೆಟ್ಟಗಿದೆ. ಈ ಕಾಗದದ ಜೊತೆ ಬಂದಿರುವ ಪೆಟ್ಟಿಗೆಯನ್ನು ನೋಡಿದ ಕೂಡಲೇ ನಿನಗೆ ಸಿಟ್ಟು ಬರುತ್ತದೆ, ಗೊತ್ತು. ಸಿಟ್ಟು ಮಾಡಿಕೋ, ಆದರೆ ಕಾಗದ ಪೂರ್ತಿ ಓದು. ನೀನು ಕಳಿಸಿದ ಹೊಸ ಕಿವಿಯ ಮಿಷನ್ ಅದರೊಳಗಿದೆ. ಮುರಿದಿಲ್ಲ, ನೀರಿಗೆ ಬಿದ್ದಿಲ್ಲ, ಹೇಗೆ ಬಂದಿತ್ತೋ ಹಾಗೇ ಇದೆ. ನಾನು ನನ್ನ ಹಳೆಯ ಡಬ್ಬಿಯನ್ನೇ ಇಟ್ಟುಕೊಳ್ಳುತ್ತೇನೆ.

ಹಾಕಿಕೊಂಡೇ ನೋಡದೆ ಮುದುಕಿ ವಾಪಸ್ ಕಳಿಸಿದಳು ಅಂತ ನೀನು ಅನ್ನಬಾರದು. ಹತ್ತು ದಿನ ಹಾಕಿಕೊಂಡಿದ್ದೆ. ಮೊದಲ ದಿನ ಕಿವಿಯ ಡಾಕ್ಟರಮ್ಮ ಅದನ್ನು ಕಿವಿಯ ಹಿಂದೆ ಸಿಕ್ಕಿಸಿ, ಎದುರಿಗೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು. ಮೇಜಿನ ಮೇಲೆ ಕಣ್ಣೊರೆಸಿಕೊಳ್ಳುವ ಕಾಗದದ ಡಬ್ಬ ಬೇರೆ. ಮೊದಲ ಸಲ ಸ್ಪಷ್ಟವಾಗಿ ಕೇಳಿಸಿದಾಗ ಎಲ್ಲರೂ ಅತ್ತುಬಿಡುತ್ತಾರಂತೆ. ನಾನು ತಲೆಯೆತ್ತಿ ಮೇಲೆ ನೋಡಿದೆ. ಹೇಗನ್ನಿಸ್ತಿದೆ ಅಮ್ಮಾ ಅಂತ ಕೇಳಿದರು. ನಿಮ್ಮ ಫ್ಯಾನು ಶಬ್ದ ಮಾಡ್ತಿದೆ, ಎಣ್ಣೆ ಬಿಡಿಸಿ ಅಂದೆ. ಪಾಪ, ಆ ಹೆಂಗಸಿನ ಮುಖ ಸಣ್ಣದಾಯಿತು.

ಮನೆಗೆ ಬಂದ ಮೇಲೂ ಅಷ್ಟೇ. ಫ್ರಿಜ್ಜು ಗೊರ್ ಅನ್ನುತ್ತದೆ ಅಂತ ತಿಳಿಯಿತು. ಮೇಲಿನ ಮನೆಯಾಕೆ ಚಪ್ಪಲಿ ಎಳೆದುಕೊಂಡು ಓಡಾಡುತ್ತಾಳೆ. ಅಡುಗೆಮನೆಯ ಗೋಡೆ ಗಡಿಯಾರ ಟಿಕ್ ಟಿಕ್ ಅನ್ನುತ್ತದೆ. ಮೂವತ್ತು ವರ್ಷದಿಂದ ಅದು ಅಲ್ಲೇ ತೂಗುತ್ತಿದೆ, ಅದಕ್ಕೊಂದು ಸದ್ದಿದೆ ಅಂತ ನನಗೆ ಗೊತ್ತಿರಲಿಲ್ಲ. ಒಂದು ಗಂಟೆ ಅದರ ಕೆಳಗೆ ಸ್ಟೂಲ್ ಹಾಕಿಕೊಂಡು ಕೂತು ಕೇಳಿದೆ. ಸಂತೋಷವೂ ಆಗಲಿಲ್ಲ, ಬೇಜಾರೂ ಆಗಲಿಲ್ಲ ಮಲ್ಲೀ. ಯಾರದೋ ಮನೆಗೆ ಹೋಗಿ, ಅವರು ಹೊರಗೆ ಬರುವತನಕ ಕುರ್ಚಿಯ ತುದಿಯಲ್ಲಿ ಕೂತ ಹಾಗಿತ್ತು. ಈಚೆಗೆ ನನಗೆ ಎಲ್ಲವೂ ಹೀಗೇ.

ಹತ್ತನೆಯ ದಿನ ಮತ್ತೆ ಡಾಕ್ಟರಮ್ಮನ ಹತ್ತಿರ ಹೋದೆ. ದಿನಕ್ಕೆ ಎಷ್ಟು ಹೊತ್ತು ಹಾಕ್ಕೊಳ್ತೀರಿ ಅಂತ ಕೇಳಿದರು. ಎದ್ದಾಗಿಂದ ಮಲಗೋತನಕ ಅಂದೆ. ಅವರು ಅದನ್ನು ನನ್ನ ಕಿವಿಯಿಂದ ತೆಗೆದು ಕಂಪ್ಯೂಟರಿಗೆ ಜೋಡಿಸಿದರು. ಆಮೇಲೆ ನಕ್ಕರು. ಅಮ್ಮಾ, ದಿನಕ್ಕೆ ನಾಲ್ಕು ಗಂಟೇನೂ ಹಾಕ್ಕೊಂಡಿಲ್ಲ, ಇದರಲ್ಲಿ ಎಲ್ಲಾ ದಾಖಲಾಗುತ್ತೆ, ಯಾವಾಗ ಆನ್ ಇತ್ತು, ಎಷ್ಟು ಹೊತ್ತು ಇತ್ತು, ಸುಳ್ಳು ಹೇಳೋಕಾಗಲ್ಲ ಅಂದರು. ತಮಾಷೆಗೆ ಹೇಳಿದ್ದು. ನಾನು ಮಾತ್ರ ಅದನ್ನು ಮತ್ತೆ ಕಿವಿಗೆ ಹಾಕಿಕೊಳ್ಳದೆ ಪೆಟ್ಟಿಗೆಗೆ ಸೇರಿಸಿ ಎದ್ದು ಬಂದೆ. ಅಂಥ ಚಾಡಿಕೋರ ಮಿಷನ್ ನನಗೆ ಬೇಡ.

ನನ್ನ ಡಬ್ಬಿ ಯಾರಿಗೂ ಏನೂ ಹೇಳುವುದಿಲ್ಲ. ಸೋಪಿನಷ್ಟು ದಪ್ಪ ಇದೆ, ಒಪ್ಪುತ್ತೇನೆ. ಅದಕ್ಕೋಸ್ಕರ ಪ್ರತಿ ಅಂಗಿಯ ಒಳಗೂ ಜೇಬು ಹೊಲಿದುಕೊಳ್ಳಬೇಕು. ವೈರು ಕಾಲರಿನಿಂದ ಹೊರಗೆ ಇಣುಕುತ್ತದೆ. ಬಗ್ಗಿದರೆ ಕುಂಯ್ ಅನ್ನುತ್ತದೆ, ಬಟ್ಟೆ ಉಜ್ಜಿದರೆ ಕರಕರ ಅನ್ನುತ್ತದೆ. ಆದರೆ ಒಂದು ಸ್ವಿಚ್ಚು, ಒಂದು ತಿರುಗಣೆ, ಒಂದು ಪೆನ್ಸಿಲ್ ಸೆಲ್, ಮುಗಿಯಿತು. ಮೂವತ್ತಾರು ವರ್ಷದಲ್ಲಿ ನಾಲ್ಕು ಸಲ ವೈರು ಬದಲಾಗಿದೆ. ಕ್ಲಿಪ್ಪು ಮುರಿದ ಕಡೆ ಪಿನ್ನು ಹಾಕಿದ್ದೇನೆ. ರೇಡಿಯೋ ರಿಪೇರಿಯವರು ಪ್ರತಿ ಸಲ ಅದನ್ನು ಬಿಚ್ಚಿ, ಕನ್ನಡಕ ಮೇಲೇರಿಸಿ, ಇಂಥದ್ದು ಈ ಊರಲ್ಲಿ ಎರಡೇ ಉಳಿದಿರೋದು, ಇದೊಂದು, ನಾನೊಂದು ಅನ್ನುತ್ತಾರೆ. ಹೋದ ವರ್ಷವೂ ಅದನ್ನೇ ಹೇಳಿದರು. ನಾನು ಹೋದ ವರ್ಷದ ನಗುವನ್ನೇ ನಕ್ಕೆ.

ಪೆಟ್ಟಿಗೆಯಲ್ಲಿ ನೀನಿಟ್ಟ ಕಾಗದಕ್ಕೆ ಈಗ ಬರುತ್ತೇನೆ. ಇಷ್ಟು ಹೊತ್ತು ಮೈಗಳ್ಳತನ ಮಾಡಿದೆ.

ನನಗೆ ಅಂತ ಕೋಣೆ ಸಿದ್ಧ ಮಾಡಿದ್ದೀಯ. ಕಿಟಕಿಯ ಪಕ್ಕ ಹೊಲಿಗೆ ಮಿಷನ್ನಿಗೆ ಜಾಗ ಬಿಟ್ಟಿದ್ದೀಯ. ಬಾಗಿಲ ಪಕ್ಕ ಒಂದು ಹೆಚ್ಚಿನ ಸ್ವಿಚ್ಚು ಹಾಕಿಸಿ, ಮಿಷನ್ ಮೇಲಿನ ದೀಪಕ್ಕೆ ಸೇರಿಸಿದ್ದೀಯ, ಇಲ್ಲಿ ನಿಮ್ಮಪ್ಪ ಮಾಡಿದ್ದರಲ್ಲ, ಹಾಗೆ. ಅದನ್ನು ಓದಿ ಬಹಳ ಹೊತ್ತು ಕಾಗದ ಕೈಯಲ್ಲೇ ಹಿಡಿದಿದ್ದೆ. ನಿಮ್ಮಪ್ಪ ಆ ಸ್ವಿಚ್ಚು ಹಾಕಿದಾಗ ನಿನಗೆ ಆರು ವರ್ಷ. ಅಮ್ಮನ್ನ ಕರೀಬೇಕಾದ್ರೆ ಕಿರುಚಬೇಡ, ದೀಪ ಎರಡು ಸಲ ಆರಿಸಿ ಹಚ್ಚು ಅಂತ ನಿನಗೆ ಕಲಿಸಿದ್ದರು. ನೀನು ದಿನಕ್ಕೆ ನೂರು ಸಲ ಆರಿಸಿ ಹಚ್ಚುತ್ತಿದ್ದೆ. ಹಲ್ಲಿ ನೋಡಿದರೂ ದೀಪ, ಹಸಿವಾದರೂ ದೀಪ, ಏನೂ ಇಲ್ಲದಿದ್ದರೂ ದೀಪ. ವರ್ಷಕ್ಕೆ ಆರು ಬಲ್ಬು ಸುಡುತ್ತಿದ್ದೆ. ಮಾತಿನ ಮಲ್ಲಿ ಅಂತ ನಾನು ಸುಮ್ಮನೆ ಹೆಸರಿಟ್ಟೆನೇ?

ಅದೇ ಕಾಗದದ ಕೊನೆಯಲ್ಲಿ ನೀನು ಬರೆದಿದ್ದೀಯ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ಆ ಗುರುವಾರದ ವಿಷಯ. ಆವತ್ತು ನಿನಗೆ ಕೇಳಿಸಿದ್ದಿದ್ದರೆ ನೀನು ನನ್ನನ್ನು ಕಳಿಸುತ್ತಿರಲಿಲ್ಲ ಅಮ್ಮಾ, ಆ ಒಂದು ನಂಬಿಕೆ ಇಟ್ಟುಕೊಂಡೇ ಅಲ್ಲಿ ಒಂಬತ್ತು ವರ್ಷ ಕಳೆದೆ ಅಂತ. ಆ ಸಾಲನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಈಗ ಕಾಗದ ನೋಡದೆ ಹೇಳಬಲ್ಲೆ.

ಆ ಗುರುವಾರ ನನಗೂ ನೆನಪಿದೆ. ನಿನ್ನ ಮದುವೆಯಾಗಿ ನಾಲ್ಕು ತಿಂಗಳಾಗಿತ್ತು. ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದೆ ಅಂದು ಒಂದು ಚೀಲ ಹಿಡಿದು ಬಂದವಳು ನೀನು ಆರು ದಿನ ಇದ್ದೆ. ಆರು ದಿನದಲ್ಲಿ ಒಂದು ಸಲವೂ ದೀಪ ಆರಿಸಿ ಹಚ್ಚಲಿಲ್ಲ. ನಿಮ್ಮಪ್ಪ ಹೋಗಿ ಎರಡು ವರ್ಷವಾಗಿತ್ತು, ಶಾಲೆಯವರು ಇಪ್ಪತ್ತನಾಲ್ಕು ಪರದೆ ಹೊಲಿಯಲು ಕೊಟ್ಟಿದ್ದರು, ನಾನು ಬೆಳಗಿನಿಂದ ಸಂಜೆತನಕ ಗೋಡೆಗೆ ಮುಖ ಮಾಡಿಕೊಂಡು ಮಿಷನ್ ತುಳಿಯುತ್ತಿದ್ದೆ. ನಾಲ್ಕು ಗಂಟೆಗೆ ನಿನ್ನ ಗಂಡ ಕರೆದುಕೊಂಡು ಹೋಗಲು ಬರುವವನಿದ್ದ. ಮೂರು ಗಂಟೆಯ ಸುಮಾರಿಗೆ ನೀನು ನನ್ನ ಬೆನ್ನ ಹಿಂದೆ ಬಾಗಿಲಲ್ಲಿ ಬಂದು ನಿಂತೆ. ಆಮೇಲೆ ಮುಂದೆ ಬಂದು ನನ್ನ ಭುಜ ಮುಟ್ಟಿದೆ. ಕೇಳಿಸ್ತಾ ಅಂತ ನಿನ್ನ ತುಟಿ ಆಡಿತು. ನಾನು ಕಿವಿಯಿಂದ ವೈರು ತೆಗೆದು ತೋರಿಸಿ, ಸೆಲ್ ಮುಗಿದಿದೆ ಕಣೇ, ಏನು ಅಂದೆ. ಏನಿಲ್ಲ ಅಂತ ನೀನು ತಲೆ ಆಡಿಸಿದೆ. ನಾಲ್ಕಕ್ಕೆ ಅವನು ಬಂದ. ಅವನ ಕಾರಿನ ಹಿಂದಿನ ಸೀಟಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತು, ನೀನು ನನಗೆ ಕೈ ಬೀಸಿದೆ.

ನೀನು ದೀಪ ಆರಿಸಿ ಹಚ್ಚಿದ್ದರೆ ಆಗುತ್ತಿತ್ತು ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ. ದೀಪ ಆರಿದ್ದರೆ ತಿರುಗಲೇಬೇಕಾಗುತ್ತಿತ್ತು. ನೀನು ಯಾಕೆ ಹಾಕಲಿಲ್ಲವೋ ನಾನು ಕೇಳಲಿಲ್ಲ, ಏನು ಹೇಳಿದೆ ಅಂತಲೂ ಕೇಳಲಿಲ್ಲ.

ಒಂಬತ್ತು ವರ್ಷ ಆದ ಮೇಲೆ ಅವನನ್ನು ಬಿಟ್ಟು ನೀನೇ ಬಸ್ಸು ಹತ್ತಿ ಬಂದೆ. ಮೂರು ತಿಂಗಳು ಇಲ್ಲೇ ಮಲಗಿ ಎದ್ದು, ಡ್ರೈವಿಂಗ್ ಕಲಿತೆ, ಈಗ ಊರಿಗೆಲ್ಲ ಕಲಿಸುತ್ತೀಯ. ಕ್ಲಚ್ ಬಿಡಿ, ಮೆಲ್ಲಗೆ, ಮೆಲ್ಲಗೆ ಅಂತ ದಿನವಿಡೀ ಬಾಯಿ ನೋಯುವಷ್ಟು ಮಾತಾಡುತ್ತೇನೆ ಅಂತ ಬರೆಯುತ್ತೀಯ. ಮತ್ತೆ ಮಾತಾಡುತ್ತೀಯಲ್ಲ, ನನಗೆ ಅಷ್ಟು ಸಾಕು.

ಕೋಣೆಯ ವಿಷಯ. ನಾನು ಬರುವುದಿಲ್ಲ ಮಲ್ಲೀ. ನಿನ್ನ ಮನೆಗೆ ಮೂವತ್ತೆರಡು ಮೆಟ್ಟಿಲು, ನನ್ನ ಮೊಣಕಾಲು ಕೇಳುವುದಿಲ್ಲ. ಇಲ್ಲಿ ಗಿರಾಕಿಗಳಿದ್ದಾರೆ, ಪ್ಯಾಂಟಿನ ಅಂಚು ಮಡಿಸಿಕೊಡಲು ನಾನೇ ಆಗಬೇಕು. ಡಬ್ಬಿ ಕೈಕೊಟ್ಟರೆ ರಿಪೇರಿಯವರು ಎರಡು ಬೀದಿ ದಾಟಿದರೆ ಸಿಗುತ್ತಾರೆ, ಅಲ್ಲಿ ಯಾರಿದ್ದಾರೆ? ಇಷ್ಟು ಕಾರಣ ಸಾಲದೇ? ಬಾಗಿಲ ಪಕ್ಕದ ಸ್ವಿಚ್ಚು ಹಾಗೇ ಇರಲಿ, ತೆಗೆಸಬೇಡ.

ಹೊಟ್ಟೆ ತುಂಬ ಊಟ ಮಾಡು. ಕಲಿಯುವವರ ಕೈಗೆ ಸ್ಟಿಯರಿಂಗ್ ಕೊಟ್ಟು ಕಿಟಕಿಯಾಚೆ ನೋಡುತ್ತ ಕೂರಬೇಡ.

ನಿನ್ನ
ಅಮ್ಮ

ತಾ.ಕ.: ಸಂಜೆ ಐದು ಗಂಟೆ. ಅಂಚೆ ಕಚೇರಿಯ ಸಾಲಿನಲ್ಲಿ ಅರ್ಧ ಗಂಟೆ ನಿಂತು, ನನ್ನ ಸರದಿ ಬಂದಾಗ ಪೆಟ್ಟಿಗೆ ಬಗಲಿಗಿಟ್ಟುಕೊಂಡು ವಾಪಸ್ ಬಂದೆ. ಲಕೋಟೆ ಬಿಚ್ಚಿದ್ದೇನೆ. ಮೆಟ್ಟಿಲು, ಗಿರಾಕಿ, ಮೊಣಕಾಲು, ಅವೆಲ್ಲ ಹಾಗಿರಲಿ.

ಆ ಗುರುವಾರ ಸೆಲ್ ಮುಗಿದಿರಲಿಲ್ಲ. ಬೆಳಗ್ಗೆಯಷ್ಟೇ ಹೊಸದು ಹಾಕಿದ್ದೆ. ನೀನು ಬಾಗಿಲಿಗೆ ಬಂದಾಗ ನಾನು ದಾರ ಪೋಣಿಸಲು ಮಿಷನ್ ನಿಲ್ಲಿಸಿದ್ದೆ, ಮನೆಯಲ್ಲಿ ಬೇರೆ ಸದ್ದೇ ಇರಲಿಲ್ಲ. ನೀನು ಹೇಳಿ ಮುಗಿಸುವತನಕ ನಾನು ತಿರುಗಲಿಲ್ಲ. ಕೇಳಿಸಿತು ಅಂದಿದ್ದರೆ ಏನಾದರೂ ಮಾಡಬೇಕಾಗುತ್ತಿತ್ತು. ಅವನನ್ನು ಬಾಗಿಲಲ್ಲಿ ನಿಲ್ಲಿಸಿ ಮಾತಾಡಬೇಕಿತ್ತು, ನಂಟರಿಗೆ ಉತ್ತರ ಕೊಡಬೇಕಿತ್ತು, ಎಲ್ಲವನ್ನೂ ಮತ್ತೆ ಮೊದಲಿನಿಂದ ಶುರುಮಾಡಬೇಕಿತ್ತು. ನನ್ನೊಳಗೆ ಏನೂ ಉಳಿದಿರಲಿಲ್ಲ. ಹತ್ತೊಂಬತ್ತನೆಯ ಪರದೆ ಕೈಯಲ್ಲಿತ್ತು. ಇದನ್ನು ಬರೆಯುವಾಗ ಅಳು ಬರಬಹುದು ಅಂದುಕೊಂಡಿದ್ದೆ, ಅದೂ ಬರುತ್ತಿಲ್ಲ. ಆವತ್ತಿನಿಂದ ನಾನು ಹೀಗೇ ಇದ್ದೇನೆ.

ನೀವು ಹೋದ ಮೇಲೆ ಡಬ್ಬಿಯಿಂದ ಆ ಸೆಲ್ ತೆಗೆದೆ. ಮುಗಿದಿದೆ ಅಂತ ಹೇಳಿದ್ದೆನಲ್ಲ, ಅದು ಅಲ್ಲೇ ಇರಬಾರದು ಅನ್ನಿಸಿತು. ಹೊಸ ಸೆಲ್ ಬಿಸಾಡಲು ಮನಸ್ಸು ಬರಲಿಲ್ಲ. ಎಷ್ಟೋ ದಿನದಿಂದ ನಿಂತಿದ್ದ ಅಡುಗೆಮನೆಯ ಗಡಿಯಾರಕ್ಕೆ ಹಾಕಿದೆ. ಅದು ನಡೆಯತೊಡಗಿತು.

ಮುಂದಿನ ಸಲ ನೀನು ಬಂದಾಗ ಐದು ತಿಂಗಳಾಗಿತ್ತು. ನೀರು ಕುಡಿಯಲು ಒಳಗೆ ಹೋದವಳು ಗಡಿಯಾರ ನೋಡಿ, ರಿಪೇರಿ ಮಾಡಿಸಿದ್ಯಾ ಅಂತ ಕೇಳಿದೆ. ನನ್ನ ಬಾಯಿಗೆ ಬುದ್ಧಿ ಎಲ್ಲಿತ್ತೋ, ಇಲ್ಲ ಕಣೇ, ಡಬ್ಬಿಯ ಸೆಲ್ ತೆಗೆದು ಹಾಕಿದೆ, ನೀನು ಹೋದ ದಿನದಿಂದ ನಡೀತಿದೆ ಅಂದುಬಿಟ್ಟೆ. ನೀನು ಲೋಟ ಹಿಡಿದುಕೊಂಡು ಗಡಿಯಾರವನ್ನೇ ನೋಡುತ್ತ ನಿಂತೆ. ಆಮೇಲೆ ನೀರು ಕುಡಿದು ಲೋಟ ತೊಳೆದಿಟ್ಟೆ. ಮುಂದಿನ ತಿಂಗಳಿನಿಂದ ಅಂಚೆಯಲ್ಲಿ ನಿನ್ನ ಸೆಲ್ ಬರತೊಡಗಿದವು. ತಿಂಗಳಿಗೆ ನಾಲ್ಕು, ಇಪ್ಪತ್ತೆರಡು ವರ್ಷ, ಒಂದು ತಿಂಗಳೂ ತಪ್ಪಿಲ್ಲ. ಅಲ್ಲಿ ನಿನಗೆ ಹೊರಗೆ ಹೋಗಲು ಬಿಡದಿದ್ದಾಗಲೂ ಅದು ಹೇಗೆ ಕಳಿಸಿದೆಯೋ. ಇನ್ನು ಮುಂದೆ ನನ್ನಮ್ಮನಿಗೆ ಸೆಲ್ ಮುಗಿಯಬಾರದು ಅಂತ ಕಳಿಸಿದೆಯೋ, ಆವತ್ತು ಸೆಲ್ ಮುಗಿದಿರಲಿಲ್ಲ ಅಂತ ಗೊತ್ತಾಗಿಯೇ ಕಳಿಸಿದೆಯೋ, ನನಗೆ ತಿಳಿಯದು. ಪ್ರತಿ ತಿಂಗಳೂ ಪೊಟ್ಟಣ ಬಿಚ್ಚುವಾಗ ಅದನ್ನೇ ಯೋಚಿಸುತ್ತೇನೆ. ಗೊತ್ತಾಗಿದ್ದರೆ ಆ ನಂಬಿಕೆಯ ಸಾಲು ಯಾಕೆ ಬರೆದೆ?

ಇದನ್ನು ಹೇಳದೆ ನೀನು ಮಾಡಿಸಿದ ಕೋಣೆಯಲ್ಲಿ ನಾನು ಮಲಗಲಾರೆ. ಇದನ್ನು ಓದಿದ ಮೇಲೂ ಬಾ ಅಂದರೆ ಬರುತ್ತೇನೆ, ಮೆಟ್ಟಿಲು ಎಷ್ಟಿದ್ದರೂ. ಬೇಡ ಅನ್ನಿಸಿದರೆ ಏನೂ ಬರೆಯಬೇಡ, ಬರುವ ತಿಂಗಳು ಸೆಲ್ ಬರದಿದ್ದರೆ ನನಗೆ ಅರ್ಥವಾಗುತ್ತದೆ. ನಾನು ಸುಳ್ಳು ಹೇಳುತ್ತಿಲ್ಲ ಅನ್ನುವುದಕ್ಕೆ ನನ್ನ ಡಬ್ಬಿಯಲ್ಲಿ ದಾಖಲೆ ಇರುವುದಿಲ್ಲ, ಆದ್ದರಿಂದ ನೀನು ಆವತ್ತು ಹೇಳಿದ್ದನ್ನು ಬರೆಯುತ್ತೇನೆ. ಅಮ್ಮಾ, ಅವರು ನನ್ನನ್ನ ರೂಮಲ್ಲಿ ಹಾಕಿ ಬೀಗ ಹಾಕ್ಕೊಂಡು ಕೆಲಸಕ್ಕೆ ಹೋಗ್ತಾರೆ, ಸಂಜೆತನಕ ನೀರೂ ಇರಲ್ಲ, ನನ್ನ ಕಳಿಸ್ಬೇಡ. ಕೊನೆಯ ಮಾತನ್ನು ಎರಡು ಸಲ ಹೇಳಿದೆ. ಎರಡನೆಯ ಸಲ ತುಂಬಾ ಮೆತ್ತಗೆ ಹೇಳಿದೆ. ಅದೂ ಕೇಳಿಸಿತು.