ಮೇಲಂತಸ್ತಿಗೆ ಎಸೆದ ಟವೆಲ್

ಕೂಡ್ಲಿಗಿ

ಸಲೀಂ ಅವರಿಗೆ, ಸೈಮಾಳ ಸಲಾಂ.

ನಮ್ಮ ಮದುವೆಯ ದಿನ ಗೊತ್ತು ಮಾಡಲು ನಿಮ್ಮ ಊರಿಗೆ ಬಂದಿದ್ದ ಅಜ್ಜ ಕ್ಷೇಮವಾಗಿ ಮನೆ ತಲುಪಿದ್ದಾರೆ. ಟವೆಲ್ ಮಾತ್ರ ತಲುಪಿಲ್ಲ. ಇಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವಂತೆ, ನೀವು ವಿನ್ಯಾಸ ಮಾಡಿದ ಡಬಲ್ ಡೆಕ್ಕರಿನ ಮೇಲಂತಸ್ತಿಗೂ ಎಸೆದರಂತೆ. ಮೆಟ್ಟಿಲು ಹುಡುಕುವಷ್ಟರಲ್ಲಿ ಬಸ್ಸೇ ಹೊರಟುಹೋಯಿತಂತೆ.

ಮುಂದಿನ ಬಸ್ಸುಗಳಿಗೆ ಕಿಟಕಿ ಮುಚ್ಚಿ ಏಸಿ ಹಾಕಬೇಕೋ, ಖರ್ಚು ಉಳಿಸಿ ತೆರೆದೇ ಬಿಡಬೇಕೋ ಎಂದು ನಿಮ್ಮ ಆಫೀಸಿನಲ್ಲಿ ಜಗಳವೆಂದು ಬರೆದಿದ್ದಿರಿ. ನಮ್ಮ ಮನೆಯಲ್ಲೂ ಅದೇ ಜಗಳ.

"ಕಿಟಕಿ ಮುಚ್ಚಿದ್ರ ಸೀಟು ಹೆಂಗ ಹಿಡೀಬೇಕವಾ?" ಎನ್ನುತ್ತಾರೆ ಅಜ್ಜ.

"ಏಸಿ ತಗೊಂಡು ಏನ್ ಮಾಡ್ಲಿ? ಮೆಟ್ಲು ಅಗಲ ಮಾಡಂತ ಹೇಳು, ನನ್ನ ಮೊಣಕಾಲು ನೋವು ಐತಿ" ಎನ್ನುತ್ತಾರೆ ಅಜ್ಜಿ.

ನನ್ನನ್ನು ಯಾರೂ ಕೇಳಲಿಲ್ಲ, ಆದರೂ ಬರೆಯುತ್ತೇನೆ. ಮೆಟ್ಟಿಲು ಅಗಲವಾಗಲಿ. ಆದರೆ ಅದಕ್ಕಾಗಿ ಮೇಲೆ ಎಲ್ಲಕ್ಕಿಂತ ಮುಂದಿರುವ ಜೋಡಿ ಸೀಟನ್ನು ಕಿತ್ತು ಒಂಟಿ ಸೀಟು ಮಾಡಬೇಡಿ.

ಟವೆಲ್ ಬಿದ್ದದ್ದು ಅದರ ಮೇಲೇ ಎಂದು ಅಜ್ಜ ಆಣೆ ಮಾಡಿ ಹೇಳುತ್ತಾರೆ. ನಮ್ಮೂರ ಲೆಕ್ಕದಲ್ಲಿ ಆ ಸೀಟೀಗ ನಮ್ಮದು. ನಾನು ಬರುವವರೆಗೆ ನಿಮ್ಮ ಪಕ್ಕದಲ್ಲಿ ಬೇರೆ ಯಾರನ್ನೂ ಕೂರಿಸಬೇಡಿ.

ಇಂತಿ,
ಸೈಮಾ